ಬಗಲಿನ ನೀರು

ಎದೆಯ ಗಡ್ಡೆಗೆ ಆಪರೇಷನ್ ಮಾಡಿಸಿಕೊಂಡು ಬಂದ ಹೆಣ್ಣುಮಗಳನ್ನು ಮಾತಾಡಿಸಲು ನಮ್ಮ ರಾಯಬಾಗದ ಕಡೆ ಓಣಿಗೆ ಓಣಿಯೇ ಬರುತ್ತದೆ. ಬಾಳೆಹಣ್ಣು, ಬಿಸ್ಕಿಟ್ ಪುಡಿಕೆ ಹಿಡಿದು ಬಂದವರ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ. "ಗಡ್ಡಿ ಪೂರಾ ತಗದಾರೇನು? ಕೂದಲಾ ಉದರತಾವೇನು? ಕರೆಂಟ್ ಎಷ್ಟ ದಿನಾ ಕೊಡತಾರ?" ಕರೆಂಟ್ ಎಂದರೆ ರೇಡಿಯೇಷನ್. ಕೇಳಬೇಕಾದ ಪ್ರಶ್ನೆಗಳೇ. ಆದರೆ ಆ ಹೊತ್ತಿನಲ್ಲಿ ಆಕೆಯ ಹಗಲು ರಾತ್ರಿಯನ್ನು ಕಾಡುತ್ತಿರುವ ಸಂಗತಿಯನ್ನು ಯಾರೂ ಕೇಳುವುದಿಲ್ಲ, ಆಕೆಯೂ ಬಾಯಿ ಬಿಡುವುದಿಲ್ಲ. ಅದು ಹೊಲಿಗೆಯ ಕೆಳಗೆ, ಬಗಲಲ್ಲಿ ಮತ್ತೆ ಮತ್ತೆ ತುಂಬಿಕೊಳ್ಳುವ ನೀರು. ಡಾಕ್ಟರರು ಅದಕ್ಕೆ ಸೆರೋಮಾ ಎನ್ನುತ್ತಾರೆ.

ನಮ್ಮ ಚಿಗವ್ವನ ಜೊತೆ ಓಡಾಡಿದ ಮೇಲೆಯೇ ಈ ನೀರಿನ ಪರಿಚಯ ನನಗಾಯಿತು. ಆಕೆಯ ಆಪರೇಷನ್ ಆದದ್ದು ಮಿರಜದಲ್ಲಿ. ರಾಯಬಾಗ, ಚಿಕ್ಕೋಡಿ, ಅಥಣಿ, ಕಾಗವಾಡದ ಮಂದಿಗೆ ದೊಡ್ಡ ದವಾಖಾನೆ ಎಂದರೆ ಒಂದೋ ಬೆಳಗಾವಿ, ಇಲ್ಲವೇ ಮಿರಜ. ರಾಯಬಾಗದಲ್ಲಿ ರೈಲು ಹತ್ತಿದರೆ ಚಿಂಚಲಿ, ಕುಡಚಿ, ಕೃಷ್ಣಾ ಹೊಳೆ, ಉಗಾರ, ಶೇಡಬಾಳ ದಾಟಿ ಮಿರಜ. ರಾಜ್ಯ ಬದಲಾಗುತ್ತದೆ, ಆದರೂ ವಾರ್ಡಿನೊಳಗೆ ನಮ್ಮ ಕನ್ನಡ ಕಿವಿಗೆ ಬೀಳುತ್ತಲೇ ಇರುತ್ತದೆ. ಡಾ. ವಿಲಿಯಂ ವಾನ್ಲೆಸ್ ಮಿರಜದಲ್ಲಿ ಮಿಷನ್ ದವಾಖಾನೆ ಆರಂಭಿಸಿದ್ದು 1894ರಲ್ಲಿ. ಆಗಿನಿಂದಲೂ ಗಡಿಯ ಈಚೆಯ ಹಳ್ಳಿಗಳಿಗೆ ಆ ಊರು ಆಸರೆ. ಅದೇ ವರ್ಷ ಅಮೆರಿಕದ ವಿಲಿಯಂ ಹಾಲ್‌ಸ್ಟೆಡ್ ಸ್ತನ ಕ್ಯಾನ್ಸರಿನ ದೊಡ್ಡ ಶಸ್ತ್ರಕ್ರಿಯೆಯ ಬಗ್ಗೆ ತಮ್ಮ ಹೆಸರಾಂತ ಲೇಖನ ಪ್ರಕಟಿಸಿದರು. ಸ್ತನದ ಜೊತೆಗೆ ಎದೆಯ ಸ್ನಾಯುಗಳನ್ನೂ ಬಗಲಿನ ಲಿಂಫ್ ಗಂಟುಗಳನ್ನೂ ತೆಗೆದುಬಿಡುವ ಪದ್ಧತಿ ಅದು. ಮುಂದೆ ಅಮೆರಿಕದ ಬರ್ನಾರ್ಡ್ ಫಿಶರ್, ಇಟಲಿಯ ಉಂಬರ್ಟೊ ವೆರೊನೆಸಿ ಮೊದಲಾದವರು ಅನೇಕರಿಗೆ ಅಷ್ಟೆಲ್ಲ ಕೊಯ್ಯುವ ಅಗತ್ಯವಿಲ್ಲ ಎಂದು ತೋರಿಸಿಕೊಟ್ಟರು. ಕೊಯ್ತ ಚಿಕ್ಕದಾಯಿತು, ಬದುಕುವವರು ಹೆಚ್ಚಾದರು. ನೀರಿನ ಕಾಟ ಮಾತ್ರ ಪೂರ್ತಿ ಹೋಗಲಿಲ್ಲ.

ಆಪರೇಷನ್ ಆದ ಕೂಡಲೇ ಪಕ್ಕೆಯಿಂದ ಒಂದು ಸಣ್ಣ ಪೈಪು ಹೊರಗೆ ಬಂದಿರುತ್ತದೆ. ಅದರ ತುದಿಗೆ ಒಳಗಿನ ನೀರನ್ನು ಎಳೆದುಕೊಳ್ಳುವ ಬಾಟ್ಲಿ. ಮನೆಗೆ ಕಳಿಸುವಾಗ ಪೈಪು ಹಾಗೆಯೇ ಇತ್ತು. ದಿನಾ ಬೆಳಿಗ್ಗೆ ಬಾಟ್ಲಿ ಖಾಲಿ ಮಾಡಿ, ಎಷ್ಟು ಎಂ.ಎಲ್. ಬಂತೆಂದು ಬರೆದಿಡಲು ಸಿಸ್ಟರ್ ಹೇಳಿದ್ದರು. ಚಿಗವ್ವ ಹಳೇ ಇಳಕಲ್ ಸೀರೆಯ ತುಂಡಿನಿಂದ ಒಂದು ಚಂಚಿ ಹೊಲಿಸಿಕೊಂಡಳು. ಮೊದಲು ಎಲೆ ಅಡಿಕೆ ಇಡುತ್ತಿದ್ದ ನಡುವಿನ ಜಾಗದಲ್ಲಿ ಈಗ ಈ ಬಾಟ್ಲಿ. ಸೆರಗು ಹೊದ್ದರೆ ಯಾರಿಗೂ ಕಾಣುತ್ತಿರಲಿಲ್ಲ. ಮೊಮ್ಮಗಳ ಶಾಲೆಯ ವಹಿಯ ಕೊನೆಯ ಹಾಳೆಯಲ್ಲಿ ಲೆಕ್ಕ ಏರುತ್ತ ಹೋಯಿತು. ಮೊದಲಿಗೆ ರಕ್ತದ ಕೆಂಪು, ಆಮೇಲೆ ತಿಳಿಗೆಂಪು, ಆಮೇಲೆ ತಿಳಿ ಹಳದಿ. ಬಣ್ಣ ತಿಳಿಯಾಗುತ್ತ ಹೋಗುವುದು ಒಳ್ಳೆಯ ಲಕ್ಷಣ. ದಿನದ ಲೆಕ್ಕ ಸುಮಾರು 30 ಎಂ.ಎಲ್.ಗಿಂತ ಕೆಳಗಿಳಿದಾಗ ಸಾಮಾನ್ಯವಾಗಿ ಪೈಪು ತೆಗೆಯುತ್ತಾರೆ. ಒಂದೆರಡು ವಾರದಲ್ಲಿ ಚಿಗವ್ವನದೂ ತೆಗೆದರು. ಮನೆಯಲ್ಲಿ ಅಂದು ಸಜ್ಜಕ ಮಾಡಿದ್ದರು.

ಕೆಲವೇ ದಿನಗಳಲ್ಲಿ ಬಗಲ ಕೆಳಗೆ ಮೆತ್ತನೆಯ ಬಾವು. "ಹೊಳ್ಳಿ ಮಲಗಿದರ ಒಳಗ ಕುಲುಕಿದಂಗ ಆಗತೈತಿ ನೋಡವಾ," ಎಂದಳು ಚಿಗವ್ವ. ದನಿ ಸಣ್ಣದಾಗಿತ್ತು. ಆಕೆಯ ಮನಸ್ಸಿನಲ್ಲಿದ್ದ ಮಾತು ನನಗೆ ಗೊತ್ತಿತ್ತು: ಗಡ್ಡೆ ಮತ್ತೆ ಬಂತು.

ಮಿರಜದ ಡಾಕ್ಟರರು ಕೈಯಿಂದ ಒತ್ತಿ ನೋಡಿ, ಸಮಾಧಾನದಿಂದ ತಿಳಿಸಿ ಹೇಳಿದರು. ಸ್ತನವನ್ನೂ ಗಂಟುಗಳನ್ನೂ ತೆಗೆದಾಗ ಚರ್ಮದ ಕೆಳಗೆ ಪೊಳ್ಳು ಜಾಗ ಉಳಿಯುತ್ತದೆ. ಮೈಯ ತಿಳಿದ್ರವವನ್ನು ಒಯ್ಯುವ ಸಣ್ಣ ಸಣ್ಣ ನಾಳಗಳು ಅಲ್ಲಿ ಕತ್ತರಿಸಿ ಹೋಗಿರುತ್ತವೆ. ಮಾಯುತ್ತಿರುವ ಗಾಯವೂ ನೀರು ಒಸರುತ್ತದೆ. ಚರ್ಮ ಎದೆಗೂಡಿಗೆ ಅಂಟಿ ಕೂಡುವವರೆಗೆ ಅದೆಲ್ಲ ಆ ಪೊಳ್ಳಿನಲ್ಲಿ ನಿಲ್ಲುತ್ತದೆ. ಬಗಲಿನ ಗಂಟು ಹೆಚ್ಚು ತೆಗೆದಷ್ಟೂ ನೀರು ಹೆಚ್ಚು; ಮೈ ದಪ್ಪ ಇದ್ದವರಿಗೆ ಇನ್ನೂ ಹೆಚ್ಚು. ಬಾಗಿಲ ಬಳಿ ನಿಂತಿದ್ದ ಕಾಕಾ ಇದನ್ನು ತನ್ನ ಹೊಲದ ಭಾಷೆಯಲ್ಲಿ ಹಿಡಿದುಕೊಂಡರು. "ಅಂದರ ಕಾಲುವಿ ಕಡದೈತಿ. ನೀರ ತಗ್ಗಿನ್ಯಾಗ ನಿಂತೈತಿ. ಹೊಸಾ ದಾರಿ ಹುಡುಕ್ಯಾಡಕೋತನಾ ನಿಲ್ಲೂದ, ಹೌದಲ್ರೀ?" ಡಾಕ್ಟರರು ಹೌದೆಂದರು. ಕಬ್ಬಿಗೆ ನೀರು ಹಾಯಿಸಿ ಆಯುಷ್ಯ ಕಳೆದ ಮನುಷ್ಯನಿಗೆ ಅದಕ್ಕಿಂತ ಹೆಚ್ಚು ವಿವರಣೆ ಬೇಕಾಗಲಿಲ್ಲ. ಚಿಗವ್ವನ ಮುಖವೂ ಅಷ್ಟೊತ್ತಿಗೆ ತಿಳಿಯಾಗಿತ್ತು.

ಸೂಜಿಯಿಂದ ನೀರು ತೆಗೆಯುವುದನ್ನು ನಾನು ಹತ್ತಿರದಿಂದ ನೋಡಿದ್ದೇನೆ. ಜಾಗವನ್ನು ಒರೆಸಿ, ದೊಡ್ಡ ಸಿರಿಂಜಿನ ಸೂಜಿ ಚುಚ್ಚಿ, ನಿಧಾನವಾಗಿ ಎಳೆಯುತ್ತಾರೆ. ತಿಳಿ ಹಳದಿ ದ್ರವ ಸಿರಿಂಜನ್ನು ತುಂಬುತ್ತ ಏರುತ್ತದೆ, ಬಾವು ಕಣ್ಣೆದುರೇ ಇಳಿಯುತ್ತದೆ. ಚಿಗವ್ವ ಹಲ್ಲು ಕಚ್ಚಿ ಕಣ್ಣು ಮುಚ್ಚಿಕೊಂಡಿದ್ದಳು. ಮುಗಿದ ಮೇಲೆ ಕಣ್ಣು ಬಿಟ್ಟು, "ಚುಚ್ಚಿದ್ದ ಗೊತ್ತಾಗಲಿಲ್ಲಲ್ರೀ ಬಾಯಾರ?" ಎಂದು ಸಿಸ್ಟರನ್ನೇ ಕೇಳಿದಳು. ಆಪರೇಷನ್ನಿನಲ್ಲಿ ಅಲ್ಲಿಯ ನರಗಳೂ ಕಡಿದುಹೋಗಿ ಚರ್ಮ ಜೋಮುಗಟ್ಟಿರುತ್ತದೆ, ಹಾಗಾಗಿ ಬಹಳ ಮಂದಿಗೆ ಆ ಸೂಜಿ ನೋಯುವುದಿಲ್ಲ.

ನೀರು ಮತ್ತೆ ತುಂಬಿತು, ಮತ್ತೆ ತೆಗೆದರು, ಮತ್ತೂ ತುಂಬಿತು. ಧೈರ್ಯ ಕುಂದುವುದು ಇಲ್ಲಿಯೇ. ನಾವು ನೋಡಬೇಕಾದದ್ದು ಎರಡನ್ನು: ಪ್ರತಿ ಸಲ ಬರುವ ನೀರು ಕಡಿಮೆಯಾಗುತ್ತಿದೆಯೇ, ಎರಡು ಸಲದ ನಡುವಿನ ದಿನಗಳು ಹೆಚ್ಚುತ್ತಿವೆಯೇ? ಹಾಗಿದ್ದರೆ ಮೈ ತನ್ನ ಕೆಲಸ ತಾನು ಮಾಡುತ್ತಿದೆ ಎಂದರ್ಥ. ಬಹಳಷ್ಟು ಜನರಿಗೆ ಇದು ಕೆಲವು ವಾರಗಳಲ್ಲಿ ನಿಲ್ಲುತ್ತದೆ, ಕೆಲವರಿಗೆ ತಿಂಗಳುಗಟ್ಟಲೆ ಎಳೆಯುತ್ತದೆ. ಸ್ವಲ್ಪವೇ ನೀರಿದ್ದರೆ ಡಾಕ್ಟರರು ಮುಟ್ಟುವುದಿಲ್ಲ, ಮೈಯೇ ಹೀರಿಕೊಳ್ಳಲಿ ಎಂದು ಬಿಡುತ್ತಾರೆ. ಅದು ಅಸಡ್ಡೆಯಲ್ಲ. ಪ್ರತಿ ಚುಚ್ಚುವಿಕೆಯೂ ಸೋಂಕಿಗೆ ಒಂದು ಬಾಗಿಲು. ಬಾವು ಬಿಗಿದು ನೋಯುವಾಗ, ಹೊಲಿಗೆಯನ್ನು ಎಳೆಯುವಾಗ ತೆಗೆಯುತ್ತಾರೆ. ಎಷ್ಟು ತೆಗೆದರೂ ನಿಲ್ಲದಿದ್ದರೆ ಪೈಪನ್ನು ಮತ್ತೆ ಇಡುವುದುಂಟು, ಅಪರೂಪಕ್ಕೆ ಇನ್ನೊಂದು ಸಣ್ಣ ಆಪರೇಷನ್ ಬೇಕಾಗುವುದೂ ಉಂಟು.

ಓಣಿಯವರು ಹೇಳಿದ ಮದ್ದಿಗೆ ಕೊರತೆ ಇರಲಿಲ್ಲ. ಬಿಸಿ ಇಟ್ಟಿಗೆಯ ಕಾವು, ಅರಿಷಿಣದ ಲೇಪ, ಎಣ್ಣೆ ಹಚ್ಚಿ ತಿಕ್ಕುವುದು, ಬಟ್ಟೆಯಿಂದ ಬಿಗಿದು ಕಟ್ಟುವುದು. ಪ್ರೀತಿಯಿಂದ ಹೇಳುವ ಮಾತುಗಳೇ, ಆದರೆ ಕೇಳಬಾರದ ಮಾತುಗಳು. ಜೋಮುಗಟ್ಟಿದ ಚರ್ಮಕ್ಕೆ ಬಿಸಿ ತಿಳಿಯುವುದಿಲ್ಲ. ಸುಟ್ಟು ಬೊಬ್ಬೆ ಎದ್ದ ಮೇಲೆಯೇ ಗೊತ್ತಾಗುತ್ತದೆ. ಹಸಿ ಗಾಯದ ಮೇಲಿನ ಲೇಪ ಸೋಂಕು ತರಬಹುದು. ಊರಲ್ಲಿ ಯಾರದೋ ಕೈಯಿಂದ ಸೂಜಿ ಹಾಕಿಸುವುದಂತೂ ಬೇಡವೇ ಬೇಡ. ಜ್ವರ ಬಂದರೆ, ಚರ್ಮ ಕೆಂಪಾಗಿ ಕಾದರೆ, ನೀರು ಮಬ್ಬಾಗಿ ನಾತ ಬಂದರೆ, ಹೊಲಿಗೆ ಬಿಚ್ಚಿದರೆ, ಆ ಬಾವು ಗಟ್ಟಿ ಗಂಟಾದಂತೆ ಕಂಡರೆ, ಕೈಯೇ ಬಾತರೆ, ಮುಂದಿನ ತಾರೀಖಿಗೆ ಕಾಯದೆ ಹೊರಡಬೇಕು. ತಡವಾದರೆ ಕೀಮೋವೂ ಕರೆಂಟೂ ಮುಂದೆ ಹೋಗುತ್ತವೆ.

ನಮ್ಮ ಮನೆಗಳಲ್ಲಿ ಎಲ್ಲಕ್ಕಿಂತ ಕಷ್ಟದ್ದು ಆಪರೇಷನ್ ಆದ ಬದಿಯ ಕೈಗೆ ವಿಶ್ರಾಂತಿ ಕೊಡಿಸುವುದು. ಮೊದಲ ದಿನಗಳಲ್ಲಿ ಮುಷ್ಟಿ ಹಿಡಿದು ಬಿಡುವುದು, ಮೊಣಕೈ ಮಡಚುವುದು ಸಾಕು. ಭುಜವನ್ನು ಮೇಲೆತ್ತುವ ಜೋರಿನ ವ್ಯಾಯಾಮವನ್ನು ಒಂದು ವಾರದ ಆಚೆಗೆ ಆರಂಭಿಸಿದವರಲ್ಲಿ ನೀರು ಕಡಿಮೆ ಎಂದು ಅಧ್ಯಯನಗಳು ಹೇಳುತ್ತವೆ. ಹಾಗೆಂದು ಕೈಯನ್ನು ಕಟ್ಟಿಹಾಕಿದರೆ ಭುಜ ಬಿಗಿದುಹೋಗುತ್ತದೆ. ಡಾಕ್ಟರರು ಹೇಳಿದ ದಿನದಿಂದ ಬೆರಳುಗಳನ್ನು ಗೋಡೆಯ ಮೇಲೆ ಮೆಲ್ಲಗೆ ಏರಿಸುತ್ತ ಹೋಗಬೇಕು. ಚಿಗವ್ವ ಅದನ್ನು ನಿಷ್ಠೆಯಿಂದ ಮಾಡಿದಳು. ಆದರೆ ರೊಟ್ಟಿ ಬಡಿಯುವ ಸಪ್ಪಳ ಕೇಳಿದರೆ ಆಕೆಗೆ ಕೂತಲ್ಲಿ ಕೂಡಲಾಗುತ್ತಿರಲಿಲ್ಲ. ಎಮ್ಮೆ ಹಿಂಡುವುದು, ಕೊಡ ಹೊರುವುದು, ಮೇವಿನ ಹೊರೆ, ಎಲ್ಲ ಅದೇ ಬಲಗೈಯ ಕೆಲಸ. ಆ ವರ್ಷ ಭಾರತ ಹುಣ್ಣಿಮೆಗೆ ಮಹಾರಾಷ್ಟ್ರದಿಂದಲೂ ಎತ್ತಿನ ಗಾಡಿ ಕಟ್ಟಿಕೊಂಡು ಜನ ಚಿಂಚಲಿ ಮಾಯಕ್ಕನ ಜಾತ್ರೆಗೆ ಬರುತ್ತಿದ್ದಾಗ, ನೈವೇದ್ಯದ ಬುಟ್ಟಿಯನ್ನು ತಾನೇ ಹೊರಬೇಕೆಂದು ಚಿಗವ್ವ ಹಟ ಹಿಡಿದಳು. ಸೊಸೆ ಬುಟ್ಟಿ ಎತ್ತಿಕೊಂಡು ಹೇಳಿದಳು: "ಅತ್ತಿ, ಹರಕಿ ನಿಮ್ಮದು, ಹೊರೂದು ನನ್ನದು. ಮಾಯಕ್ಕಗ ತಿಳೀತೈತಿ." ಚಿಗವ್ವ ಬರಿಗೈಲಿ ಜೊತೆಗೆ ನಡೆದಳು. ಆ ಬೇಸಿಗೆ ಬರುವ ಹೊತ್ತಿಗೆ ನೀರು ನಿಂತಿತು.

2022ರಲ್ಲಿ ಭಾರತದಲ್ಲಿ ಹೊಸದಾಗಿ ಸುಮಾರು 1.9 ಲಕ್ಷ ಹೆಣ್ಣುಮಕ್ಕಳಿಗೆ ಸ್ತನ ಕ್ಯಾನ್ಸರ್ ಬಂದಿತೆಂದು ಅಂತರರಾಷ್ಟ್ರೀಯ ಅಂದಾಜು ಹೇಳುತ್ತದೆ. ಅವರಲ್ಲಿ ಆಪರೇಷನ್ ಆದ ಎಷ್ಟೋ ಜನ ಈ ನೀರನ್ನು ಸೆರಗಿನ ಮರೆಯಲ್ಲಿ ಇಟ್ಟುಕೊಂಡು ಹೆದರುತ್ತ ಕೂತಿರುತ್ತಾರೆ. ಅವರ ಗಂಡಂದಿರಿಗೆ, ಮಕ್ಕಳಿಗೆ, ಸೊಸೆಯಂದಿರಿಗೆ ನನ್ನದೊಂದು ಬೇಡಿಕೆ. ಈ ನೀರಿಗೆ ಆಕೆಯ ತಪ್ಪು ಕಾರಣವಲ್ಲ, ನೀರು ಬಂದ ಮಾತ್ರಕ್ಕೆ ಗಡ್ಡೆ ತಿರುಗಿ ಬಂತೆಂದೂ ಅಲ್ಲ. ಆಕೆ ನಾಚಿಕೊಂಡು ಹೇಳದಿದ್ದರೆ ನೀವೇ ಕೇಳಿ. ಪ್ರತಿ ಸಲವೂ ದವಾಖಾನೆಗೆ ಜೊತೆಯಲ್ಲಿ ಹೋಗಿ, ಆಕೆಯನ್ನು ಒಬ್ಬಳೇ ರೈಲು ಹತ್ತಿಸಬೇಡಿ. ನೀರು ನಿಂತು ಡಾಕ್ಟರರು ಹೂಂ ಅನ್ನುವವರೆಗೆ ಕೊಡ, ಹೊರೆ, ರೊಟ್ಟಿ ನಿಮ್ಮ ಕೈಗಿರಲಿ.