ಮೂಡಗಾಳಿಯಲ್ಲಿ ಸೈಕಲ್ ಶರ್ಯತ್ತು

ನಮ್ಮೂರು ನವಲಗುಂದದಲ್ಲಿ ರಸ್ತೆ ಬಂದ್ ಆಯಿತೆಂದರೆ ಅದು ನೀರಿಗಾಗಿ. ಮಲಪ್ರಭಾ ಕಾಲುವೆಯ ಅಭಿವೃದ್ಧಿ ಕರ ಕಟ್ಟುವುದಿಲ್ಲವೆಂದು ಎದ್ದುನಿಂತ ರೈತರ ಮೇಲೆ 1980ರ ಜುಲೈ 21ರಂದು ಇಲ್ಲಿಯೂ ನರಗುಂದದಲ್ಲಿಯೂ ಗೋಲಿಬಾರ್ ಆಯಿತು. 2015ರಿಂದ ಈಚೆಗೆ ಮಹದಾಯಿ ನೀರಿಗಾಗಿ ಬಸ್ಸು ತಡೆದದ್ದೂ ನಮ್ಮೂರ ಹೆದ್ದಾರಿಯಲ್ಲೇ. ಆದ್ದರಿಂದ 2024ರ ಜನವರಿಯಲ್ಲಿ ವಿಜಯಪುರದಲ್ಲಿ ರಾಷ್ಟ್ರೀಯ ರೋಡ್ ಸೈಕ್ಲಿಂಗ್ ಚಾಂಪಿಯನ್‌ಷಿಪ್ ನಡೆಯುತ್ತದೆ ಎಂದು ಓದಿ ಹೇಳಿದಾಗ ನಮ್ಮ ಕಾಕಾ ಸಿಟ್ಟಾದದ್ದು ನನಗೇನೂ ಅತಿ ಅನ್ನಿಸಲಿಲ್ಲ.

"ಬರ ಬಿದ್ದೈತಿ. ಕಡ್ಲಿ ಗೇಣುದ್ದ ಎದ್ದಿಲ್ಲ. ಇಂಥಾದ್ರಾಗ ಸೈಕಲ್ ಹೊಡ್ಯಾವ್ರಿಗೆ ರಸ್ತೆ ಖುಲ್ಲಾ ಮಾಡಿ ಕೊಡ್ತಾರಂತ!"

ಆ ವರ್ಷ ಸರ್ಕಾರ ಬರಪೀಡಿತವೆಂದು ಘೋಷಿಸಿದ್ದ 223 ತಾಲೂಕುಗಳಲ್ಲಿ ನಮ್ಮದೂ ಇತ್ತು. ಇನ್ನೊಂದು ಮಾತೂ ಇದೆ. ಕಾಕಾ ಹರೆಯದಲ್ಲಿ ಸೈಕಲ್ಲಿಗೆ ಹಾಲಿನ ಕ್ಯಾನು ಕಟ್ಟಿಕೊಂಡು ತಿರುಗಿದವರು. ಮೋಟರ್‌ಸೈಕಲ್ ಬಂದ ದಿನವೇ ಮನೆಯ ಕಷ್ಟ ನೀಗಿತೆಂದು ನಂಬಿದವರು. ಬಿಟ್ಟು ಮೇಲೆ ಬಂದ ವಸ್ತುವನ್ನು ಆಟಕ್ಕೆಂದು ಮತ್ತೆ ಹತ್ತುವವರನ್ನು ಅವರು ಹೇಗೆ ಒಪ್ಪಿಯಾರು? ನನಗೂ ಒಪ್ಪಿಗೆಯಿರಲಿಲ್ಲ. ಆದರೆ ಅದೇ ಹೊತ್ತಿಗೆ ವಿಜಯಪುರದಲ್ಲಿ ಬೀಗರ ಮನೆಯ ಕೆಲಸವಿತ್ತು, ಇಬ್ಬರೂ ಹೊರಟೆವು.

ಆ ದಾರಿಯ ಬಗ್ಗೆ ಎರಡು ಮಾತು ಹೇಳಲೇಬೇಕು. ಅಂಕೋಲೆಯ ಕಡಲ ಬದಿಯಿಂದ ಕಲಘಟಗಿ, ಹುಬ್ಬಳ್ಳಿ ದಾಟಿ ನಮ್ಮೂರಿಗೆ ಬರುವ ರಾಷ್ಟ್ರೀಯ ಹೆದ್ದಾರಿ 52 ಇಲ್ಲಿಂದ ಬಡಗಣಕ್ಕೆ ವಿಜಯಪುರ, ಸೊಲ್ಲಾಪುರಗಳತ್ತ ಹೋಗುತ್ತದೆ. ಬೆಣ್ಣೆಹಳ್ಳ ಕಳೆದು, ನರಗುಂದದ ಗುಡ್ಡ ಬಲಕ್ಕೋ ಎಡಕ್ಕೋ ಎಂದು ನೋಡುವಷ್ಟರಲ್ಲಿ ಕೊಣ್ಣೂರಿನ ಹತ್ತಿರ ಮಲಪ್ರಭೆ. ಅನಗವಾಡಿಯಲ್ಲಿ ಘಟಪ್ರಭೆ. ಕೊಲ್ಹಾರದಲ್ಲಿ ಕೃಷ್ಣೆ, ಅಲ್ಲಿ ಆಲಮಟ್ಟಿಯ ಹಿನ್ನೀರಿನ ಮೇಲೆ ಸೇತುವೆ ಮುಗಿಯುವುದೇ ಇಲ್ಲವೇನೋ ಎನ್ನುವಷ್ಟು ಉದ್ದ. ನೀರಿಗಾಗಿ ಇಷ್ಟು ಕೂಗಾಡುವ ನೆಲದ ಮೇಲೆ ಒಂದೇ ಬೆಳಗಿನಲ್ಲಿ ಇಷ್ಟು ಹೊಳೆ ದಾಟಿದೆವಲ್ಲ ಎಂದು ನಾನು ಬೆರಗಾಗಿ ಕುಳಿತೆ. ಕಾಕಾ ಕಿಟಕಿಯಿಂದ ಬಿಳಿಜೋಳದ ತೆನೆ ನೋಡುತ್ತ, ಯಾವ ಹೊಲಕ್ಕೆ ನೀರು ಮುಟ್ಟಿದೆ, ಯಾವುದಕ್ಕೆ ಮುಟ್ಟಿಲ್ಲ ಎಂದು ಹೇಳುತ್ತ ಬಂದರು.

ಮರುದಿನ ಬೆಳಿಗ್ಗೆ ಶರ್ಯತ್ತು ನೋಡೋಣವೆಂದು ಊರ ಹೊರಗೆ ರಸ್ತೆಯ ಬದಿ ನಿಂತೆವು. ಎಳ್ಳ ಅಮಾಸಿಯ ಆಸುಪಾಸಿನ ಚಳಿ. ಊರೊಳಗೆ ಸಿದ್ಧೇಶ್ವರ ಜಾತ್ರೆಯ ತಯಾರಿ. ಬೇರೆ ಬೇರೆ ರಾಜ್ಯದ ಮಕ್ಕಳು, ರೈಲ್ವೆಯವರು, ಸೇನೆಯವರು ಕಾಲು ತಿಕ್ಕಿಕೊಳ್ಳುತ್ತ ಓಡಾಡುತ್ತಿದ್ದರು. ಹುಡುಗನೊಬ್ಬ ತನ್ನ ಸೈಕಲ್ಲನ್ನು ಕಾಕಾನ ಕೈಗೆ ಕೊಟ್ಟ. ಅವರು ಎರಡು ಬೆರಳಿಂದ ಎತ್ತಿ ಇಳಿಸಿದರು. ರಸ್ತೆ ಸೈಕಲ್ 6.8 ಕಿಲೋಗಿಂತ ಹಗುರ ಇರಕೂಡದೆಂದು ಅಂತರರಾಷ್ಟ್ರೀಯ ಸೈಕ್ಲಿಂಗ್ ಸಂಸ್ಥೆಯೇ ಕಟ್ಟು ಮಾಡಿದೆ. ಅಂದರೆ ಬಿಟ್ಟರೆ ಇನ್ನೂ ಹಗುರ ಮಾಡುತ್ತಾರೆ! ಬೆಲೆ ಕೇಳಿದರು. ಲಕ್ಷಗಟ್ಟಲೆ.

"ಜೋಡೆತ್ತಿನ ರೊಕ್ಕ ಇದು," ಎಂದರು. ಆ ಸಿಟ್ಟು ನನಗೂ ಇತ್ತು, ಇಂದಿಗೂ ಇದೆ. ಒಕ್ಕಲಿಗರ ಮನೆಯ ಹುಡುಗನ ಕಾಲಲ್ಲಿ ಎಷ್ಟು ಬಲವಿದ್ದರೂ ಇಷ್ಟು ದುಡ್ಡು ಎಲ್ಲಿಂದ ತರಬೇಕು?

ಆಮೇಲೆ ಗುಂಪು ಬಂತು. ಮೊದಲು ಪೊಲೀಸರ ಬೈಕು, ಹಿಂದೆಯೇ ಚೀಲದಿಂದ ಜೋಳ ಸುರುವಿದಂಥ ಸದ್ದು. ಅಷ್ಟು ಜನ ಒಬ್ಬರಿಗೊಬ್ಬರು ಗೇಣು ಅಂತರದಲ್ಲಿ ಕಣ್ಣೆದುರು ಹಾದುಹೋದರು. ಮೈಮೇಲೆ ಗಾಳಿ ಬಡಿಯಿತು. ಹೊಟ್ಟೆಯಲ್ಲಿ ಏನೋ ಕದಡಿದಂತಾಗಿ ನನಗೆ ಮಾತೇ ಹೊರಡಲಿಲ್ಲ.

ಎರಡನೆಯ ಸುತ್ತಿನಲ್ಲಿ ಅವರು ಬೇರೆ ಥರ ಬಂದರು. ಮುಂದಿನವನ ನೇರ ಬೆನ್ನಿಗೆ ಯಾರೂ ಇರಲಿಲ್ಲ. ಪ್ರತಿಯೊಬ್ಬನೂ ಒಂದಿಷ್ಟು ಎಡಕ್ಕೆ ಸರಿದು, ಇಡೀ ಸಾಲು ರಸ್ತೆಗೆ ಓರೆಯಾಗಿತ್ತು. ಕುಡಿದಿದ್ದಾರೋ ಎಂದು ಪಕ್ಕದಲ್ಲಿ ಯಾರೋ ನಕ್ಕರು. ಕಾಕಾ ನಗಲಿಲ್ಲ. ರಾಶಿ ಮಾಡುವಾಗ ಕಣದಲ್ಲಿ ಮೊರ ಹಿಡಿದು, ಗಾಳಿ ತಿರುಗುವುದನ್ನೇ ಕಾದು ಜೋಳ ತೂರಿದ ಮನುಷ್ಯ ಅವರು.

"ಮೂಡಗಾಳಿ ಐತಿ ನೋಡು. ಇವರು ಬಡಗಣಕ್ಕ ಹೊಂಟಾರ, ಗಾಳಿ ಬಲಕ್ಕ ಬೀಳತೈತಿ. ಅದಕ್ಕ ಎಡಕ್ಕ ಮರಿ ಆಗ್ಯಾರ."

ಅಲ್ಲಿದ್ದ ತರಬೇತುದಾರರೊಬ್ಬರು ತಿರುಗಿ ನೋಡಿ, "ಬರೋಬ್ಬರಿ ಹೇಳಿದ್ರಿ ಯಜಮಾನ್ರ," ಎಂದರು. ಮುಂದಿನದನ್ನು ಅವರೇ ಬಿಡಿಸಿ ಹೇಳಿದರು. ಸಮತಟ್ಟು ರಸ್ತೆಯಲ್ಲಿ ಗಂಟೆಗೆ 40 ಕಿ.ಮೀ. ದಾಟಿದರೆ ತುಳಿತದ ಬಲದ ಬಹುಪಾಲು ಗಾಳಿಯನ್ನು ಸೀಳುವುದಕ್ಕೇ ಹೋಗುತ್ತದೆ. ಇನ್ನೊಬ್ಬನ ಮರೆಯಲ್ಲಿ ಇದ್ದರೆ ಸುಮಾರು ಮೂರರಲ್ಲೊಂದು ಪಾಲು ಶ್ರಮ ಉಳಿಯುತ್ತದೆ. ಆದ್ದರಿಂದಲೇ ಪಾಳಿಯ ಪ್ರಕಾರ ಒಬ್ಬೊಬ್ಬ ಮುಂದೆ ಬಂದು ಗಾಳಿಗೆ ಎದೆ ಕೊಟ್ಟು, ದಣಿದು ಹಿಂದೆ ಸರಿಯುತ್ತಾನೆ. ಗೆಲ್ಲುವವ ಒಬ್ಬನೇ ಆದರೂ ಅವನಿಗಾಗಿ ಗಾಳಿ ತಿಂದವರು ಹಲವರು. ಇದನ್ನು ಕೇಳಿದ ಮೇಲೆ ನಾನು ಗೆದ್ದವನನ್ನು ಹುಡುಕುವುದು ಬಿಟ್ಟು, ಮುಂದೆ ಬಂದು ಮತ್ತೆ ಮಾಯವಾಗುವವರನ್ನೇ ನೋಡುತ್ತ ನಿಂತೆ. ಅವರ ಹೆಸರು ಮರುದಿನದ ಪೇಪರಿನಲ್ಲಿ ಬರುವುದಿಲ್ಲ. ಅದು ಸರಿಯಲ್ಲ ಎಂದು ನನಗೆ ಬಲವಾಗಿ ಅನ್ನಿಸುತ್ತದೆ.

ಈ ಸೀಮೆಯಲ್ಲೇ ಇಷ್ಟು ಸೈಕಲ್ ಸವಾರರು ಏಕೆ ಎನ್ನುವುದಕ್ಕೂ ಉತ್ತರ ಸಿಕ್ಕಿತು. ವಿಜಯಪುರ, ಬಾಗಲಕೋಟೆ, ಜಮಖಂಡಿ ಕಡೆ ಜಾತ್ರೆಯ ಹ್ಯಾಂಡ್‌ಬಿಲ್ಲಿನಲ್ಲಿ ಎತ್ತಿನ ಗಾಡಿ ಶರ್ಯತ್ತಿನ ಕೆಳಗೆ ಸೈಕಲ್ ಶರ್ಯತ್ತು ಅಚ್ಚಾಗುತ್ತದೆ. ಅಲ್ಲಿ ಗೆದ್ದ ಹುಡುಗರು ವಿಜಯಪುರದ ಕ್ರೀಡಾ ನಿಲಯಕ್ಕೋ, ರಾಮದುರ್ಗ ತಾಲೂಕಿನ ಚಂದರಗಿ ಕ್ರೀಡಾ ಶಾಲೆಗೋ ಸೇರುತ್ತಾರೆ. ಕೆಲವರಿಗೆ ರೈಲ್ವೆಯಲ್ಲಿ, ಸೇನೆಯಲ್ಲಿ ನೌಕರಿ. ಕಾಕಾ ತಮಾಷೆ ಎಂದುಕೊಂಡಿದ್ದ ವಸ್ತುವಿನಿಂದ ಒಕ್ಕಲುತನದ ಮನೆಗೆ ಪಗಾರ ಬರುತ್ತಿದೆ. ಅಂದ ಮೇಲೆ 2006ರಲ್ಲಿ ಆರಂಭವಾಗಿ ಎಂಟನೆಯ ತರಗತಿಯ ಮಕ್ಕಳ ಕೈಗೆ ಸೈಕಲ್ ಕೊಡುತ್ತಿದ್ದ ಸರ್ಕಾರದ ಯೋಜನೆ ಕೊರೊನಾ ಕಾಲದಲ್ಲಿ ನಿಂತದ್ದು ಎಂಥ ನಷ್ಟ! ದೂರದ ಶಾಲೆಗೆ ನಡೆಯುವ ಹೆಣ್ಣುಮಕ್ಕಳಿಗೆ ಆದದ್ದಂತೂ ಎಲ್ಲಕ್ಕಿಂತ ದೊಡ್ಡ ನಷ್ಟ.

ರಸ್ತೆಯ ತಕರಾರನ್ನು ಮಾತ್ರ ಕಾಕಾ ಬಿಡಲಿಲ್ಲ. ತರಬೇತುದಾರರ ಎದುರೇ ಹೇಳಿದರು: "ಹಿಂದಿನ ದಿನ ಹಳ್ಳಿಹಳ್ಳಿಗೆ ಡಂಗುರ ಹೊಡಸ್ರಿ. ದವಾಖಾನಿಗೆ ಹೋಗಾವ್ರು, ಹಾಲು ಒಯ್ಯಾವ್ರು ನಿಂತಕೊಂಡ್ರ ಯಾರಿಗೆ ಕೇಳಬೇಕು?" ಅವರು ತಲೆಯಾಡಿಸಿದರು.

ವಾಪಸ್ ಬರುವಾಗ ಕುಳಗೇರಿ ಕ್ರಾಸಿನಲ್ಲಿ ಚಹಾಕ್ಕೆ ಇಳಿದೆವು. ನಮ್ಮ ಜಿಲ್ಲೆಯಲ್ಲಿ ಇಂಥದ್ದು ಆದರೆ ಎಲ್ಲಿಂದ ಎಲ್ಲಿಗೆ ಇಡಬಹುದು ಎಂದು ನಾನು ಕೇಳಿದೆ. ಕಲಘಟಗಿಯಿಂದ ಕುಂದಗೋಳ, ಅಲ್ಲಿಂದ ಅಣ್ಣಿಗೇರಿ, ಕೊನೆಗೆ ನವಲಗುಂದ ಎಂದು ನನ್ನ ಲೆಕ್ಕ.

"ಕಲಘಟಗಿ ಕಡೆ ಏರು ಇಳಕಲು ಐತಿ, ಅಲ್ಲೇ ಅರ್ಧ ಮಂದಿ ಹಿಂದ ಬೀಳತಾರ. ಅಣ್ಣಿಗೇರಿಯಿಂದ ಈಚೆ ಪೂರಾ ಎರಿ. ಮಳಿಗಾಲ ಮುಗದ ಕೂಡಲೇ ಇಟ್ಟೀರಿ ಮತ್ತ, ಎರಿಮಣ್ಣು ಉಬ್ಬಿ ಡಾಂಬರ ಎದ್ದಿರತೈತಿ. ಕಡ್ಲಿ ಕಿತ್ತ ಮ್ಯಾಲೆ ಇಡಬೇಕು," ಎಂದರು ಕಾಕಾ. ಚಹಾ ಮುಗಿಸಿ ಮತ್ತೆ ಸೇರಿಸಿದರು: "ಆವಾಗ ಗಾಳಿ ಯಾವ ದಿಕ್ಕಿಂದು ಇರತೈತಿ ಅಂತ ನನ್ನ ಕೇಳು, ಹೇಳತೀನಿ."