ಹಳೆಯ ಬೋರ್ಡಿಗೊಂದು ಹೊಸ ಪಾಠ

ಹತ್ತು ವರ್ಷ ಉತ್ತ ಎತ್ತನ್ನು ಮಾರುವ ಮುನ್ನ ರೈತ ಹತ್ತು ಸಲ ಯೋಚಿಸುತ್ತಾನೆ. ಹತ್ತು ವರ್ಷ ದುಡಿದ ಕಂಪ್ಯೂಟರನ್ನು ಗುಜರಿಗೆ ಹಾಕುವಾಗ ಮಾತ್ರ ಯಾರೂ ಅಷ್ಟು ಯೋಚಿಸುವುದಿಲ್ಲ. 'ಹಳೇದಾಯ್ತು, ಇನ್ನು ಇದಕ್ಕೆ ಏನೂ ಹಿಡಿಸೋದಿಲ್ಲ' ಎಂದರೆ ಮುಗಿಯಿತು. ಹಿಡಿಸುವುದಿಲ್ಲವೋ, ಹೇಳಿಕೊಟ್ಟವರಿಲ್ಲವೋ ಎಂದು ವಿಚಾರಿಸುವವರು ಕಡಿಮೆ.

ತಾಲ್ಲೂಕು ಕಚೇರಿಯ ಎದುರಿನ ಸಣ್ಣದೊಂದು ಡಿಟಿಪಿ ಅಂಗಡಿಯ ಕಂಪ್ಯೂಟರಿಗೆ 2023ರ ಏಪ್ರಿಲ್‌ನಲ್ಲಿ ಇದೇ ಗತಿ ಬಂದಿತ್ತು. 2012ರಲ್ಲಿ ಸಾಲ ಮಾಡಿ ತಂದದ್ದು. ಇಂಟೆಲ್ ಎಚ್61 ಚಿಪ್‌ಸೆಟ್ಟಿನ ಮದರ್‌ಬೋರ್ಡು. ಊರಿನ ಅರ್ಧದಷ್ಟು ಲಗ್ನಪತ್ರಿಕೆಗಳು ಅದರಲ್ಲೇ ಟೈಪಾಗಿದ್ದವು. ಮದುವೆಯ ಕಾಲ ಬಿರುಸಾಗಿರುವಾಗಲೇ ಹಾರ್ಡ್‌ಡಿಸ್ಕು ಕಟಕಟ ಎನ್ನತೊಡಗಿತು. ಒಂದು ಪತ್ರಿಕೆ ತೆರೆಯುವಷ್ಟರಲ್ಲಿ ಕಾಫಿ ಕುಡಿದು ಲೋಟ ತೊಳೆದಿಡಬಹುದಿತ್ತು. ಹೊಸ ಕಂಪ್ಯೂಟರಿನ ಬೆಲೆ ಕೇಳಿದರೆ ಮಗಳ ಕಾಲೇಜಿನ ಫೀಸಿಗೆಂದು ಕೂಡಿಟ್ಟ ಹಣಕ್ಕೇ ಕೈಹಾಕಬೇಕು. ಅಂಗಡಿಯಾಕೆ ಚಿಂತೆಗೆ ಬಿದ್ದಳು.

ಭಾನುವಾರ ಬೆಂಗಳೂರಿನಿಂದ ಅಣ್ಣನ ಮಗ ಬಂದ. ತನ್ನ ಲ್ಯಾಪ್‌ಟಾಪಿಗೆ ದೊಡ್ಡ ಡ್ರೈವು ಹಾಕಿಕೊಂಡು ಬಿಚ್ಚಿಟ್ಟಿದ್ದ 256 ಜಿಬಿಯ ಎನ್‌ವಿಎಂಇ ಡ್ರೈವು ಅವನ ಬಳಿ ಇತ್ತು. ಅಗಲ 22 ಮಿಲಿಮೀಟರ್, ಉದ್ದ 80. ಅದನ್ನೊಂದು ಅಡಾಪ್ಟರಿನಲ್ಲಿ ಕೂರಿಸಿ, ಗ್ರಾಫಿಕ್ಸ್ ಕಾರ್ಡಿಗೆಂದು ಖಾಲಿ ಬಿದ್ದಿದ್ದ ಪಿಸಿಐ ಎಕ್ಸ್‌ಪ್ರೆಸ್ ಸ್ಲಾಟಿಗೆ ಸಿಕ್ಕಿಸಿದ. ಹಳೆಯ ಡಿಸ್ಕಿನಿಂದ ಎದ್ದ ವಿಂಡೋಸ್ 10 ಹೊಸ ಡ್ರೈವನ್ನು ಗುರುತಿಸಿತು. ಲಗ್ನಪತ್ರಿಕೆಗಳನ್ನೆಲ್ಲ ಅದಕ್ಕೆ ನಕಲು ಮಾಡಿದ್ದೂ ಆಯಿತು. ಆದರೆ ಹಳೆಯ ಡಿಸ್ಕನ್ನು ತೆಗೆದು ಬೂಟ್ ಪಟ್ಟಿ ನೋಡಿದರೆ ಹೊಸದರ ಹೆಸರೇ ಇಲ್ಲ!

ಹೀಗೇಕೆ? ವಿಂಡೋಸ್ ತನಗೆ ಬೇಕಾದ ಚಾಲಕ ತಂತ್ರಾಂಶವನ್ನು ತಾನೇ ಹೊತ್ತು ತರುತ್ತದೆ. ಆದರೆ ವಿಂಡೋಸ್ ಏಳುವ ಮುನ್ನವೇ ಡ್ರೈವನ್ನು ಹುಡುಕಿ ಓದುವವರು ಬೇಕಲ್ಲವೆ? ಆ ಕೆಲಸ ಫರ್ಮ್‌ವೇರಿನದು. 1970ರ ದಶಕದಲ್ಲಿ ಗ್ಯಾರಿ ಕಿಲ್ಡಾಲ್ ತಮ್ಮ ಸಿಪಿ/ಎಂ ವ್ಯವಸ್ಥೆಯಲ್ಲಿ ಬಳಸಿದ 'ಬಯಾಸ್' ಎಂಬ ಹೆಸರೇ ಜನರ ಬಾಯಲ್ಲಿ ಉಳಿದಿದೆ. ಈ ಬೋರ್ಡಿನಲ್ಲಿ ಅದು ಎಂಟು ಕಾಲಿನ ಒಂದು ಚಿಪ್‌ನಲ್ಲಿ, ಎಂಟು ಮೆಗಾಬೈಟಿನೊಳಗೆ ಅಡಗಿತ್ತು. ಕೀಬೋರ್ಡಿಗೊಂದು, ಯುಎಸ್‌ಬಿಗೊಂದು, ಸಾಟಾ ಡಿಸ್ಕಿಗೊಂದು ಎಂದು ಅದರಲ್ಲಿ ಬೇರೆ ಬೇರೆ ಮಾಡ್ಯೂಲುಗಳು. ಎನ್‌ವಿಎಂಇಯ ಮೊದಲ ನಿಯಮಾವಳಿ ಪ್ರಕಟವಾದದ್ದೇ 2011ರ ಮಾರ್ಚ್‌ನಲ್ಲಿ. ಆಗಿನ್ನೂ ಇಂಥ ಡ್ರೈವುಗಳು ಅಂಗಡಿಗೆ ಬಂದಿರಲಿಲ್ಲವಾದ್ದರಿಂದ ಅದರ ಪಾಠವನ್ನು ಆ ಕಾಲದ ಬೋರ್ಡುಗಳಿಗೆ ಯಾರೂ ತುಂಬಲಿಲ್ಲ. ಕಣ್ಣು ಚೆನ್ನಾಗಿದೆ, ಲಿಪಿ ಮಾತ್ರ ಕಲಿತಿಲ್ಲ ಎಂಬ ಸ್ಥಿತಿ.

ಮಾಮೂಲಿ ಸಾಟಾ ಎಸ್‌ಎಸ್‌ಡಿ ಕೊಂಡು ತಂದಿದ್ದರೆ ಇಷ್ಟು ಪಾಡು ಇರಲಿಲ್ಲ, ನಿಜ. ಆದರೆ ಖರ್ಚಿಲ್ಲದೆ ಕೈಯಲ್ಲಿದ್ದುದು ಇದು. ಹುಡುಗನಿಗೆ ಹಟವೂ ಹತ್ತಿತ್ತು.

ಕಾಣೆಯಾದ ಮಾಡ್ಯೂಲನ್ನು ಸೇರಿಸಿದರೆ ಆಯಿತು ಎಂಬುದು ಅವನ ಲೆಕ್ಕ. ಯುಇಎಫ್‌ಐ ಫರ್ಮ್‌ವೇರಿನ ಮೂಲ ಭಾಗಗಳನ್ನು ಇಂಟೆಲ್ 2004ರಲ್ಲಿ ಮುಕ್ತವಾಗಿ ಹೊರಗೆ ಬಿಟ್ಟಿತು. ಆ ಮುಕ್ತ ಸಂಗ್ರಹಕ್ಕೆ ಮುಂದೆ ಎನ್‌ವಿಎಂಇ ಚಾಲಕವೂ ಸೇರಿತು. ಫರ್ಮ್‌ವೇರನ್ನು ಬಿಚ್ಚಿ ತೋರಿಸುವ ಯುಇಎಫ್‌ಐ ಟೂಲ್ ಎಂಬ ತಂತ್ರಾಂಶವೂ ಇದೆ. ಆದರೆ ಹೀಗೆ ತಿದ್ದಿದ ಫೈಲನ್ನು ಬೋರ್ಡಿನ ಸ್ವಂತ ಅಪ್‌ಡೇಟ್ ವ್ಯವಸ್ಥೆ ಒಪ್ಪಲಿಲ್ಲ. ಸಿಎಚ್341ಎ ಎಂಬ ಅಗ್ಗದ ಪ್ರೋಗ್ರಾಮರಿನ ಕ್ಲಿಪ್ಪನ್ನು ಚಿಪ್‌ಗೆ ಕಚ್ಚಿಸಿ ನೇರವಾಗಿ ಬರೆಯಬೇಕಾಯಿತು.

"ಅತ್ತೆ, ಮೊದಲೇ ಹೇಳಿಬಿಡ್ತೀನಿ. ತಪ್ಪಿದ್ರೆ ಬೋರ್ಡು ಏಳೋದೇ ಇಲ್ಲ."

"ಈಗೇನು ಎದ್ದು ಕುಣೀತಿದ್ಯೇನೋ? ಮಾಡು. ಮಂಗಳವಾರ ಎರಡು ಪತ್ರಿಕೆ ಕೊಡೋದಿದೆ, ಅದೊಂದು ನೆನಪಿಟ್ಕೋ."

ವಿದ್ಯುತ್ ತಂತಿ ಕಿತ್ತು, ಚಿಪ್‌ನಲ್ಲಿದ್ದುದನ್ನು ಅವನು ಎರಡು ಸಲ ಓದಿ, ಎರಡೂ ಒಂದೇ ಎಂದು ಖಚಿತ ಮಾಡಿಕೊಂಡು ಪೆನ್‌ಡ್ರೈವಿನಲ್ಲಿ ಇಟ್ಟ. ಬೋರ್ಡಿನ ನೆಟ್‌ವರ್ಕ್ ವಿಳಾಸವೂ ಅದರಲ್ಲೇ ಇದ್ದುದರಿಂದ ಬೇರೆ ಬೋರ್ಡಿನ ಪ್ರತಿ ಸಲ್ಲದು. ಅದರ ಮತ್ತೊಂದು ಪ್ರತಿಗೆ ಚಾಲಕವನ್ನು ಸೇರಿಸಿ, ಬರೆದು, ಕ್ಲಿಪ್ ತೆಗೆದು ಸ್ವಿಚ್ ಒತ್ತಿದ.

ಫ್ಯಾನು ತಿರುಗಿತು. ಪರದೆ ಕಪ್ಪು. ಐದು ನಿಮಿಷ ಕಳೆದರೂ ಕಪ್ಪು. ಹುಡುಗನ ಹಣೆಯಲ್ಲಿ ಬೆವರು. ಅತ್ತೆ ಬಾಗಿಲ ಬಳಿ ನಿಂತೇ ಇದ್ದಳು.

"ಬರೆದದ್ದನ್ನ ತಿರುಗಿ ಓದಿ ನೋಡಿದ್ಯೇನೋ?"

ಅವನು ನೋಡಿರಲಿಲ್ಲ. ಓದುವಾಗ ಇದ್ದ ಎಚ್ಚರ ಬರೆಯುವಾಗ ಅವಸರವಾಗಿತ್ತು. ಪ್ರೂಫ್ ನೋಡದೆ ಒಂದು ಪತ್ರಿಕೆಯನ್ನೂ ಅಚ್ಚಿಗೆ ಕಳಿಸದ ಕೈ ಆಕೆಯದು. ವರನ ಹೆಸರಿನಲ್ಲಿ ಒಂದು ಒತ್ತಕ್ಷರ ತಪ್ಪಿದರೆ ಏನಾಗುತ್ತದೆಂದು ಬಲ್ಲವಳು. ಮತ್ತೆ ಕ್ಲಿಪ್ ಹಾಕಿ ಓದಿದರೆ ಕೆಲವು ಕಡೆ ಬರೆದದ್ದೇ ಬೇರೆ, ಇರುವುದೇ ಬೇರೆ. ಕ್ಲಿಪ್ಪಿನ ಒಂದು ಹಲ್ಲು ಚಿಪ್‌ನ ಕಾಲಿಗೆ ಸರಿಯಾಗಿ ಕೂತಿರಲಿಲ್ಲ, ಅಷ್ಟೆ. ಹತ್ತು ವರ್ಷದ ದೂಳು. ಒರೆಸಿ, ಮತ್ತೆ ಕಚ್ಚಿಸಿ, ಬರೆದು, ಬರೆದದ್ದನ್ನು ಓದಿ ಹೋಲಿಸಿ, ಆಮೇಲೆ ಸ್ವಿಚ್ಚು.

ಪರದೆ ಬೆಳಗಿತು. ಬೂಟ್ ಪಟ್ಟಿಯಲ್ಲಿ ಹೊಸ ಹೆಸರೊಂದಿತ್ತು: 'ಪಾಟಾ'. ಹುಡುಗ ನಕ್ಕುಬಿಟ್ಟ. ಪಾಟಾ ಎಂದರೆ 2003ರಲ್ಲಿ ಸಾಟಾ ಡಿಸ್ಕುಗಳು ಬರುವ ಮುನ್ನ ಇದ್ದ, ಅಗಲ ಪಟ್ಟಿ ಕೇಬಲಿನ ಡಿಸ್ಕು. ಹೊಸ ಬಗೆಯ ಡ್ರೈವನ್ನು ಬೋರ್ಡು ತನಗೆ ಗೊತ್ತಿದ್ದ ಹಳೆಯ ಹೆಸರಿನಿಂದ ಕರೆದಿತ್ತು. ಹೀಗೆ ತಿದ್ದಿದ ಬೋರ್ಡುಗಳಲ್ಲಿ ಇದು ಮಾಮೂಲು.

"ಇರಲಿ ಬಿಡು" ಎಂದಳು ಅತ್ತೆ. "ನಮ್ಮಜ್ಜಿ ಕೊನೇವರೆಗೂ ಇಪ್ಪತ್ತೈದು ಪೈಸೆಗೆ ನಾಲ್ಕಾಣೆ ಅಂತಲೇ ಅನ್ನೋಳು. ಲೆಕ್ಕ ಒಂದು ದಿನಾನೂ ತಪ್ಪಲಿಲ್ಲ."

ವಿಂಡೋಸನ್ನು ಯುಇಎಫ್‌ಐ ಕ್ರಮದಲ್ಲಿ ಹೊಸದಾಗಿ ಹಾಕಿದ್ದಾಯಿತು. ಸೋಮವಾರ ಬೆಳಿಗ್ಗೆ ಪತ್ರಿಕೆ ತೆರೆದಾಗ ಕಾಫಿ ಇನ್ನೂ ಬಿಸಿಯಾಗಿತ್ತು. ಮಂಗಳವಾರ ಎರಡೂ ಪತ್ರಿಕೆಗಳು ಹೋದವು. ಫೀಸಿನ ಹಣ ಫೀಸಿಗೇ ಉಳಿಯಿತು. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ಮುಗಿದ ಮೇಲೆ ಆ ಯಂತ್ರಕ್ಕೆ ಇಂಟರ್‌ನೆಟ್ ಸಂಪರ್ಕ ತಪ್ಪಿಸಿ, ಟೈಪಿಂಗಿಗೆ ಮಾತ್ರ ಇಟ್ಟುಕೊಳ್ಳಲಾಯಿತು.

ಆ ಪೆನ್‌ಡ್ರೈವು ಗಲ್ಲಾಪೆಟ್ಟಿಗೆಯ ಮೂಲೆಯಲ್ಲಿದೆ, ಒಂದು ಚೀಟಿ ಸುತ್ತಿಕೊಂಡು. ಚೀಟಿಯ ಮೇಲೆ ಆಕೆಯ ಕೈಬರಹ: 'ಮೂಲಪ್ರತಿ. ಅಳಿಸಬಾರದು.'