ಕುಜನ ಪುಟ್ಟ ಚಂದ್ರ

ಪಂಚಾಂಗದ ಕುಜನು ಒಂಟಿಯಾಗಿ ಸಂಚರಿಸುವವನು. ದೂರದರ್ಶಕದ ಕುಜನಿಗಾದರೋ ಇಬ್ಬರು ಅನುಚರರುಂಟು. ೧೮೭೭ರ ಆಗಸ್ಟ್ ತಿಂಗಳಲ್ಲಿ ವಾಷಿಂಗ್ಟನ್ನಿನ ನೌಕಾ ವೀಕ್ಷಣಾಲಯದ ಅಸಾಫ್ ಹಾಲ್ ಮಹಾಶಯರು ೨೬ ಅಂಗುಲದ ದೂರದರ್ಶಕದಿಂದ ಇವರನ್ನು ಕಂಡುಹಿಡಿದರು. ಗ್ರಹದ ಪ್ರಭೆಯ ಎದುರಿಗೆ ಏನೂ ಕಾಣದೆ ಬೇಸತ್ತು ಹುಡುಕಾಟವನ್ನು ಕೈಬಿಡುವುದರಲ್ಲಿದ್ದ ಅವರನ್ನು ಪತ್ನಿ ಆಂಜೆಲಿನ್ ಸ್ಟಿಕ್ನಿಯವರೇ ಹುರಿದುಂಬಿಸಿ ಮತ್ತೆ ದೂರದರ್ಶಕದ ಬಳಿಗೆ ಕಳುಹಿಸಿದರು. ಆಕೆ ಗಣಿತವನ್ನು ಬಲ್ಲವರು. ವಿವಾಹಕ್ಕೆ ಮೊದಲು ಹಾಲ್ ಆಕೆಯ ಶಿಷ್ಯರೇ ಆಗಿದ್ದರು. ಅನುಚರರಿಗೆ ಗ್ರೀಕರ ಯುದ್ಧದೇವತೆಯ ಪರಿವಾರದಿಂದ ಫೋಬೋಸ್, ಡೈಮೋಸ್ ಎಂದು ಹೆಸರಿಟ್ಟರು. ಫೋಬೋಸ್ ಎಂದರೆ ಭಯ. ಕುಜದೋಷದ ಮಾತೆತ್ತಿದರೆ ನಡುಗುವ ಕನ್ಯಾಪಿತೃಗಳಿಗೆ ಈ ನಾಮಕರಣವು ವಿಚಿತ್ರವೆಂದು ತೋರಲಾರದು.

ಒಂದು ಶತಮಾನಕ್ಕೆ ಸಮೀಪದಷ್ಟು ಕಾಲ ಫೋಬೋಸ್ ಕೇವಲ ಒಂದು ಬೆಳಕಿನ ಚುಕ್ಕೆಯಾಗಿತ್ತು. ೧೯೭೧ರಲ್ಲಿ ಮಂಗಳವನ್ನು ಸೇರಿದ ಮ್ಯಾರಿನರ್ ೯ ನೌಕೆಯೂ ಆಮೇಲೆ ವೈಕಿಂಗ್ ನೌಕೆಗಳೂ ತೆಗೆದ ಚಿತ್ರಗಳಲ್ಲಿ ಅದರ ಮುಖ ಕಂಡಿತು. ಚಂದ್ರಬಿಂಬದ ದುಂಡು ಅಲ್ಲಿಲ್ಲ. ೨೭ ಕಿಲೋಮೀಟರು ಉದ್ದ, ೨೨ ಅಗಲ, ೧೮ ದಪ್ಪದ ಒಂದು ಸೊಟ್ಟ ಆಲೂಗಡ್ಡೆ, ಅದರ ಮೈಮೇಲೆ ೯ ಕಿಲೋಮೀಟರಿನ ಒಂದು ಮಹಾಗುಳಿ. ಆ ಗುಳಿಗೆ ಸ್ಟಿಕ್ನಿ ಎಂದೇ ಹೆಸರಾಯಿತು. ಬೆಂಗಳೂರಿನಲ್ಲಿ ಕೇಂದ್ರವುಳ್ಳ ಇಸ್ರೋ ಸಂಸ್ಥೆಯ ಮಂಗಳನೌಕೆಯು ೨೦೨೦ರ ಜುಲೈ ೧ರಂದು ಸುಮಾರು ೪,೨೦೦ ಕಿಲೋಮೀಟರು ದೂರದಿಂದ ತೆಗೆದ ಚಿತ್ರದಲ್ಲಿಯೂ ಅದು ಸ್ಪಷ್ಟವಾಗಿ ಕಾಣುತ್ತದೆ.

ಇಂದು ಈ ಚಂದ್ರನ ದರ್ಶನಕ್ಕೆ ವೀಕ್ಷಣಾಲಯದ ಅಪ್ಪಣೆ ಬೇಕಿಲ್ಲ. ಮನೆಯ ಕಂಪ್ಯೂಟರಿನಲ್ಲಿ ಆಕಾಶವನ್ನು ತೋರಿಸುವ ತಂತ್ರಾಂಶಗಳಿವೆ. ಕ್ರಿಸ್ ಲಾರೆಲ್ ಅವರು ೨೦೦೧ರಲ್ಲಿ ಹೊರತಂದ ಸೆಲೆಸ್ಟಿಯಾ ಅವುಗಳಲ್ಲೊಂದು; ಯಾರು ಬೇಕಾದರೂ ಬಿಟ್ಟಿಯಾಗಿ ಪಡೆಯಬಹುದು. ದುಂಡು ಗ್ರಹವನ್ನು ಬರೆಯುವುದು ಸುಲಭ. ಗೋಳವೊಂದಕ್ಕೆ ಭೂಪಟವನ್ನು ಸುತ್ತಿದರೆ ಮುಗಿಯಿತು. ಫೋಬೋಸಿಗೆ ಅದು ಸಾಲದು. ನೌಕೆಗಳು ನಾನಾ ದಿಕ್ಕಿನಿಂದ ತೆಗೆದ ಚಿತ್ರಗಳನ್ನು ಅಳೆದಳೆದು, ಪುಟ್ಟ ಪುಟ್ಟ ತ್ರಿಕೋನಗಳ ಬಲೆಯಿಂದ ಆಕಾರವನ್ನು ಹೆಣೆದು, ಉತ್ಸವಮೂರ್ತಿಗೆ ಪೀತಾಂಬರವನ್ನುಡಿಸುವಂತೆ ಅದರ ಮೇಲೆ ಚಿತ್ರಪಟವನ್ನು ಹೊದಿಸಬೇಕು. ದೂರದಿಂದ ನೋಡಿದರೆ ನಿಜವೋ ಎಂಬಂತಿರುತ್ತದೆ. ಹತ್ತಿರ ಹತ್ತಿರಕ್ಕೆ ಹೋದಂತೆ ಗೆರೆಗಳು ಕರಗಿ, ಕಡೆಗೆ ಬರಿಯ ಬೂದುಬಣ್ಣದ ಮಸುಕು ಉಳಿಯುತ್ತದೆ. ಇದನ್ನು ಕೊರತೆಯೆಂದು ದೂರುವವರುಂಟು. ಇಲ್ಲದ ಕಲ್ಲುಗಳನ್ನು ಕಲ್ಪಿಸಿ ಹರಡುವುದಕ್ಕಿಂತ ಈ ಮಸುಕು ಎಷ್ಟೋ ಮರ್ಯಾದಸ್ಥವಾದುದು.

ತಂತ್ರಾಂಶದ ನಿಜವಾದ ಉಪಕಾರವು ಬೇರೆ ಕಡೆ ಇದೆ. ಮಂಗಳದ ನೆಲದ ಮೇಲೆ ನಿಂತು, ಗಡಿಯಾರವನ್ನು ವೇಗಗೊಳಿಸಿ ಆಕಾಶವನ್ನು ನೋಡಬೇಕು. ಫೋಬೋಸ್ ೭ ಗಂಟೆ ೩೯ ನಿಮಿಷಗಳಲ್ಲಿ ಒಂದು ಸುತ್ತು ಮುಗಿಸುತ್ತದೆ. ಮಂಗಳವು ತನ್ನ ಸುತ್ತಲೂ ತಿರುಗುವುದಕ್ಕೆ ೨೪ ಗಂಟೆಗೂ ಮೇಲಾಗುತ್ತದೆ. ಆದಕಾರಣ ಈ ಚಂದ್ರನು ಪಶ್ಚಿಮದಲ್ಲಿ ಹುಟ್ಟಿ ಪೂರ್ವದಲ್ಲಿ ಮುಳುಗುವನು! ಪುಸ್ತಕದಲ್ಲಿ ಹತ್ತು ಸಲ ಓದಿದರೂ ಮನಸ್ಸಿಗೆ ಹಿಡಿಯದ ಈ ಸಂಗತಿಯು ಪರದೆಯ ಮೇಲೆ ಒಂದು ನಿಮಿಷದಲ್ಲಿ ತಿಳಿಯುತ್ತದೆ.

ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಸಂಶೋಧಕರಾಗಿದ್ದ ಮಾರ್ಟಿನ್ ಶ್ವೈಗರ್ ಅವರು ೨೦೦೦ದಲ್ಲಿ ಪ್ರಕಟಿಸಿದ ಆರ್ಬಿಟರ್ ಎಂಬುದರಲ್ಲಿ ನೋಡುಗನು ಚಾಲಕನೂ ಆಗಬೇಕು. ಭೂಮಿಯಲ್ಲಿ ೬೦ ಕಿಲೋ ತೂಗುವವನು ಫೋಬೋಸಿನ ಮೇಲೆ ಮೂರು ತೊಲ ತೂಗುತ್ತಾನೆ. ಗಂಟೆಗೆ ೪೦ ಕಿಲೋಮೀಟರು, ಎಂದರೆ ಪೇಟೆಯ ಬಸ್ಸಿನ ವೇಗ, ಬಂದರೆ ಅದರ ಹಿಡಿತದಿಂದಲೇ ಪಾರು. ಅಲ್ಲಿ ಇಳಿಯುವವನಿಗೆ ಬೀಳುವ ಭಯವಿಲ್ಲ, ನಿಲ್ಲಲಾರದ ಭಯವೇ ಹೆಚ್ಚು.

ಆದರೆ ಆ ಚಂದ್ರನೇ ಬೀಳುತ್ತಿರುವನು. ಹಾಲ್ ಅವರ ವೀಕ್ಷಣಾಲಯದವರೇ ಆದ ಶಾರ್ಪ್‌ಲೆಸ್ ೧೯೪೫ರಲ್ಲಿ ಹಳೆಯ ವೀಕ್ಷಣೆಗಳನ್ನು ಹೋಲಿಸಿ, ಫೋಬೋಸಿನ ವೇಗವು ಹೆಚ್ಚುತ್ತಿದೆಯೆಂದು ತೋರಿಸಿಕೊಟ್ಟರು. ಇದನ್ನು ನೆಚ್ಚಿ ರಷ್ಯದ ಷ್ಕ್ಲೋವ್‌ಸ್ಕಿಯವರು, ಅದು ಟೊಳ್ಳಾಗಿರಬಹುದು, ಯಾರೋ ಕಟ್ಟಿದ್ದಾಗಿಯೂ ಇರಬಹುದು ಎನ್ನುವವರೆಗೂ ಹೋದರು. ಕಾರಣವು ಅಷ್ಟು ಅದ್ಭುತವಾದುದಲ್ಲ. ಫೋಬೋಸಿನ ಸೆಳೆತದಿಂದ ಮಂಗಳದ ಮೈ ಅತ್ಯಲ್ಪವಾಗಿ ಉಬ್ಬುತ್ತದೆ. ಹಿಂದೆ ಬೀಳುವ ಆ ಉಬ್ಬು ಚಂದ್ರನನ್ನು ತಡೆದೆಳೆಯುತ್ತದೆ. ನೂರು ವರ್ಷಕ್ಕೆ ೧.೮ ಮೀಟರು, ಒಬ್ಬ ಮನುಷ್ಯನ ಎತ್ತರದಷ್ಟು, ಅದು ಕೆಳಕ್ಕೆ ಸರಿಯುತ್ತಿದೆ. ಇನ್ನು ಮೂರರಿಂದ ಐದು ಕೋಟಿ ವರ್ಷಗಳಲ್ಲಿ ಅದು ಒಡೆದು ಚೂರಾಗಿ ಮಂಗಳಕ್ಕೆ ಬಳೆಯಾಗುವುದು, ಇಲ್ಲವೆ ನೆಲಕ್ಕಪ್ಪಳಿಸುವುದು.

ಸೆಲೆಸ್ಟಿಯಾದ ಗಡಿಯಾರವನ್ನು ಎಷ್ಟು ಮುಂದಕ್ಕೆ ತಿರುಗಿಸಿದರೂ ಆ ದಿನ ಬಾರದು. ಅದು ಗುರುತ್ವದ ಎಳೆದಾಟವನ್ನು ಗುಣಿಸುವುದಿಲ್ಲ. ಇಂತಹ ವೇಳೆಗೆ ಇಂತಹ ಸ್ಥಾನವೆಂಬ ಸೂತ್ರವನ್ನು, ಪಂಚಾಂಗವನ್ನು ಗುಣಿಸುವ ಜೋಯಿಸರಂತೆ, ನಿಷ್ಠೆಯಿಂದ ಅನುಸರಿಸುತ್ತದೆ. ಕೋಟಿ ವರ್ಷಗಳು ಕಳೆದ ಮೇಲೂ ಪರದೆಯ ಫೋಬೋಸ್ ಅದೇ ಎತ್ತರದಲ್ಲಿ, ಸ್ಟಿಕ್ನಿಯವರ ಗುಳಿಯನ್ನು ಹೊತ್ತು, ಪಶ್ಚಿಮದಲ್ಲಿ ಉದಯಿಸುತ್ತಲೇ ಇರುವುದು.